ಹೊಗೆ ನೋಡಿ ಗಂಡು ಬೇಡವೆಂದ ಭಾವ

ನಮ್ಮ ಭಾವ ಮೆಕ್ಯಾನಿಕ್. ಕಾರಿನ ಬಾನೆಟ್ ಎತ್ತುವ ಮುಂಚೆ ಸೈಲೆನ್ಸರ್ ಹಿಂದೆ ಕುಕ್ಕರಗಾಲಲ್ಲಿ ಕೂತು, ಹೊಗೆಯನ್ನು ಮೂಗಿಗೆಳೆದುಕೊಂಡು ರೋಗ ಹೇಳುತ್ತಾರೆ. ಕಪ್ಪಾದರೆ ಪೆಟ್ರೋಲು ದಂಡ, ಬಿಳಿಯಾದರೆ ಒಳಗೆ ನೀರು ಸೋರಿಕೆ, ನೀಲಿಯಾದರೆ ಆಯಿಲ್ ಸುಡುತ್ತಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನನ್ನದೇನೂ ತಕರಾರಿರಲಿಲ್ಲ. ಮನುಷ್ಯರನ್ನೂ ಹಾಗೇ ಅಳೆಯಲು ಹೊರಟರು, ಮಹಾನುಭಾವರು!

ಮಗಳನ್ನು ನೋಡಲು ಬಂದ ಮೊದಲ ಗಂಡಿನ ಕಾರು ಕಪ್ಪು ಹೊಗೆ ಬಿಟ್ಟಿತು. "ದುಂದುಗಾರ," ಎಂದರು. ಎರಡನೆಯವನದು ಬಿಳಿ. "ಮಾತುಮಾತಿಗೂ ಅಳೋನು." ಮೂರನೆಯವನು ಜಾಣ, ಬಸ್ಸಿನಲ್ಲಿ ಬಂದ. ಭಾವ ನಿಲ್ದಾಣದವರೆಗೆ ನಡೆದು, ಅದೇ ಬಸ್ಸನ್ನು ಹುಡುಕಿ, ಹೊಗೆ ಕುಡಿದು, ಕೆಮ್ಮುತ್ತಾ ಬಂದು ಬೇಡವೆಂದು ತಲೆಯಾಡಿಸಿದರು. ಇವರಿಗೆ ಬುದ್ಧಿ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ.

ನಾಲ್ಕನೆಯವನು ಕನ್ನಡಕದ ಅಂಗಡಿಯವನು, ಹುಡುಗಿ ತಾನೇ ಮೆಚ್ಚಿದವನು. "ಮಾವಾ, ಇದೂ ತಪ್ಪಿದ್ರೆ ನಾನು ಮದುವೆನೇ ಆಗಲ್ಲ," ಎಂದು ಹಿಂದಿನ ದಿನ ನನ್ನ ಕೈ ಹಿಡಿದು ಅತ್ತಿದ್ದಳು.

ಕಾರು ಗೇಟಿನ ಮುಂದೆ ನಿಂತಿತು. ಭಾವ ಇಸ್ತ್ರಿ ಪ್ಯಾಂಟಿನಲ್ಲೇ ಅದರ ಹಿಂದೆ ಕೂತರು.

"ಆಫ್ ಮಾಡ್ಬೇಡಪ್ಪಾ. ಸ್ವಲ್ಪ ರೇಸ್ ಮಾಡು."

ಭುಸ್ಸೆಂದು ನೀಲಿ ಹೊಗೆ ಬಂತು.

"ಒಳಗೊಳಗೇ ಸುಡೋ ಮನುಷ್ಯ. ಈ ಸಂಬಂಧ ಬೇಡ," ಎಂದು ಎದ್ದೇಬಿಟ್ಟರು.

ಹುಡುಗಿ ಜಗಳಕ್ಕೆ ನಿಲ್ಲಲಿಲ್ಲ. ಇಂಜಿನ್ ಆಫ್ ಮಾಡಿಸಿ, ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿ ಎಳೆದು ಅಪ್ಪನ ಮೂಗಿನ ಕೆಳಗೆ ಹಿಡಿದಳು. ಆಯಿಲ್ ಗೆರೆಗಿಂತ ಎರಡು ಬೆರಳು ಮೇಲಿತ್ತು.

"ಇಷ್ಟು ತುಂಬಿಸಿದ್ರೆ ನೀಲಿ ಹೊಗೆ ಬರದೆ ಇನ್ನೇನಪ್ಪಾ ಬರುತ್ತೆ? ಯಾರು ಸುರಿದಿದ್ದು ಇದನ್ನ?"

ಕನ್ನಡಕದವನು ತಲೆ ಕೆರೆದುಕೊಂಡ. "ಮೊನ್ನೆ ನಮ್ಮಣ್ಣ ಕಾರು ನಿಮ್ಮ ಗ್ಯಾರೇಜಿಗೇ ತಂದಿದ್ರು. ನೀವೇ ಹಾಕಿದ್ದು ಸಾರ್."

ಭಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಮೂಗು ಸರಿ ಎಂದರೆ ಕೈ ಕೆಟ್ಟಿತು, ಕೈ ಸರಿ ಎಂದರೆ ಮೂಗು ಕೆಟ್ಟಿತು. ಕಡ್ಡಿ ಒರೆಸಿ ಮತ್ತೆ ಅದ್ದಿದರು, ಮತ್ತೆ ಒರೆಸಿದರು. ಆಯಿಲ್ ಎಲ್ಲಿಗೂ ಇಳಿಯಲಿಲ್ಲ. ಕೊನೆಗೆ ಮಗಳ ಮುಖ ನೋಡಿದರು. ಅವಳ ಕಣ್ಣು ತುಂಬಿತ್ತು.

"ನಂದೇ ತಪ್ಪು ಕಣಮ್ಮಾ," ಎಂದರು. "ಹುಡುಗನ್ನ ಒಳಗೆ ಕರಿ."

ಅಷ್ಟರಲ್ಲಿ ಅಡುಗೆಮನೆಯಿಂದ ನಮ್ಮಕ್ಕ ಸೌಟು ಹಿಡಿದೇ ಓಡಿಬಂದಳು. ಅವರಿಬ್ಬರ ಮದುವೆಯಾಗಿ ಇಪ್ಪತ್ತಾರು ವರ್ಷ.

"ಇನ್ನೊಂದ್ಸಲ ಹೇಳ್ರೀ," ಎಂದಳು, "ನನಗೆ ಸರಿಯಾಗಿ ಕೇಳಿಸ್ಲಿಲ್ಲ."