ರೇಡಿಯೇಟರಿನೊಳಗಿನ ಅರಿಶಿನ

ಹಳೆಯ ಸ್ಟೀಲ್ ಬೋಗುಣಿಯ ಒಳಬದಿಯಲ್ಲಿ, ಗಾಡಿಯ ರೇಡಿಯೇಟರಿನಿಂದ ಇಳಿಸಿದ ನೀರು ನಿಂತ ಮಟ್ಟಕ್ಕೆ ಸರಿಯಾಗಿ, ಉಗುರಿನಿಂದ ಕೆರೆದರೆ ಏಳುವಂಥ ಹಳದಿ ಗೆರೆಯೊಂದು ಕೂತಿತ್ತು. ಕೆರೆದೆ. ಮೂಸಿ ನೋಡಿದೆ. ಅಡುಗೆಮನೆಯ ವಾಸನೆ.

ಮೋಟರ್‌ಸೈಕಲ್ಲಿನ ಎಂಜಿನ್ ಕಾಯದಂತೆ ನೋಡಿಕೊಳ್ಳುವ ಕೂಲಂಟ್ ಅಂಗಡಿಯಿಂದ ತಂದಾಗ ಹಸಿರಾಗಿರುತ್ತದೆ. ಹಳತಾದರೆ ಬಣ್ಣ ಮಾಸುತ್ತದೆ, ತುಕ್ಕು ಬೆರೆತರೆ ಕೆಂಪಾಗುತ್ತದೆ. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದವಳು, ಗೋಕಾಕದ ಕಾಲೇಜೊಂದರಲ್ಲಿ ಅದನ್ನೇ ಕಲಿಸುವವಳು. ಕೂಲಂಟಿಗೆ ಒಗ್ಗರಣೆಯ ವಾಸನೆ ತರುವ ಕ್ರಿಯೆ ಯಾವುದೂ ನನಗೆ ಗೊತ್ತಿರಲಿಲ್ಲ.

"ಕಾಕಾ, ಇದರಾಗ ಏನರ ಹಾಕಿದ್ರೇನ್ರಿ?"

ಕಾಕಾ, ನನ್ನ ಚಿಕ್ಕಪ್ಪ, ಕಟ್ಟೆಯ ಮೇಲೆ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದರು. "ಏನ್ ಹಾಕ್ಲಿ? ಕಡಿಮಿ ಆದಾಗ ನೀರು ಹಾಕೇನಿ."

"ನೀರಷ್ಟೇನ್ರಿ?"

"ನೀರು. ಮತ್ತ ಒಂದ ಚೂರು ಅರಿಷಿಣ."

ಒಳಗಿನಿಂದ ಅವರ ಹೆಂಡತಿ ಕಾಕುವಿನ ದನಿ ಬಂತು. "ಎಷ್ಟ ಚೂರು?"

ನಮ್ಮ ಕುಲಗೋಡದಲ್ಲಿ ಟ್ರ್ಯಾಕ್ಟರ್ ಹೊಡೆದವರಿಗೆಲ್ಲ ಈ ವಿದ್ಯೆ ಗೊತ್ತು. ಕಬ್ಬಿನ ಹಂಗಾಮಿನಲ್ಲಿ ರೇಡಿಯೇಟರ್ ಜಿನುಗತೊಡಗಿದರೆ ರಿಪೇರಿಗೆ ಕೂರುವಷ್ಟು ಪುರಸೊತ್ತು ಯಾರಿಗಿದೆ? ಒಂದು ಹಿಡಿ ಅರಿಶಿನ ಪುಡಿ ಸುರಿದು, ಮುಚ್ಚಳ ಬಿಗಿದು, ಟ್ರಾಲಿ ಎಳೆಯುತ್ತಾರೆ. ಪುಡಿ ನೀರಿನ ಜೊತೆ ಸುತ್ತಿ ಸುತ್ತಿ, ಬಿರುಕು ಸಿಕ್ಕಲ್ಲಿ ಹೋಗಿ ಕೂತು ಗಟ್ಟಿಯಾಗುತ್ತದೆ. ಟ್ರ್ಯಾಕ್ಟರಿಗೆ ಆಗುವುದು ಮೋಟರ್‌ಸೈಕಲ್ಲಿಗೂ ಆದೀತು ಎಂದು ಕಾಕಾ ಲೆಕ್ಕ ಹಾಕಿದ್ದರು.

"ಹೋದ ವರ್ಷ ಅರಿಷಿಣದ ಡಬ್ಬಿ ಖಾಲಿ ಆದಾಗ ನಾ ಇಲಿ ತಿಂದಾವು ಅಂತ ಬೋನು ಇಟ್ಟಿದ್ದೆ," ಎನ್ನುತ್ತ ಕಾಕು ಬಾಗಿಲಿಗೆ ಬಂದರು. "ನಾಕ ದಿನ ಬೋನಿಗೆ ರೊಟ್ಟಿ ನೀವ ಕಟ್ಟಿದ್ರಿ."

"ಅರಿಷಿಣ ತಿನ್ನೂ ಇಲಿ ಎಲ್ಲರ ನೋಡೀ ಏನು? ನೀ ಇಟ್ಟಿ, ನಾ ಕಟ್ಟಿದೆ."

ಈ ಗಾಡಿ ಕಾಕಾನದು. ಸೊಂಟ ಹಿಡಿದುಕೊಂಡ ಮೇಲೆ ಸೀಟಿನ ಆಚೆ ಕಾಲು ಹಾಕಲು ಅವರಿಗಾಗಲಿಲ್ಲ. ಅಂದಿನಿಂದ ಅದನ್ನು ನಾನು ಗೋಕಾಕಕ್ಕೆ ಓಡಿಸುತ್ತಿದ್ದೆ, ಮನೆಯ ಮಾತಿನಲ್ಲಿ 'ಮಾರೂತನಕ'. ಈಗ ಗಿರಾಕಿ ಸಿಕ್ಕಿದ್ದರು. ಕಾಕುವಿನ ಅಕ್ಕನ ಮಗ, ಯಮಕನಮರಡಿಯಲ್ಲಿ ಸರಕಿನ ಟೆಂಪೊ ಇಟ್ಟುಕೊಂಡವರು. ಮರುದಿನ ರವಿವಾರ ಬಸ್ಸಿನಲ್ಲಿ ಬಂದು ಗಾಡಿಯ ಮೇಲೆ ಹೋಗುವುದೆಂದು ಮಾತಾಗಿತ್ತು. "ಕೊಡೂ ಗಾಡಿ ಚೊಕ್ಕ ಇರಬೇಕವಾ. ಹಳೇ ನೀರು ತಗದು ಹೊಸಾದ್ ಹಾಕಿಬಿಡು," ಎಂದು ಕಾಕಾ ಹೇಳಿದ್ದರು. ನಾನು ಆಯ್ತು ಎಂದಿದ್ದೆ.

ಗಾಡಿ ನನಗೆ ಬೇಕು ಎಂದು ಹೇಳಿರಲಿಲ್ಲ. ಕುಲಗೋಡದಿಂದ ಗೋಕಾಕಕ್ಕೆ ಬಸ್ಸುಗಳಿವೆ. ಆದರೆ ಬಸ್ಸಿನಲ್ಲಿ ಪಕ್ಕದ ಸೀಟು ಇರುತ್ತದೆ, ಪಕ್ಕದ ಸೀಟಿನಲ್ಲಿ ಒಬ್ಬರು ಇರುತ್ತಾರೆ, ಊರು ದಾಟುವುದರೊಳಗೆ ಅವರು ನನ್ನ ಮದುವೆಯ ಸುದ್ದಿಗೆ ಬಂದಿರುತ್ತಾರೆ. ಗಾಡಿಯ ಮೇಲೆ ನನ್ನನ್ನು ಯಾರೂ ಏನೂ ಕೇಳಿದ್ದಿಲ್ಲ. ಇದನ್ನು ಮನೆಯಲ್ಲಿ ಹೇಗೆ ವಿವರಿಸುವುದೆಂದು ತಿಳಿಯದೆ ಸುಮ್ಮನಿದ್ದೆ.

ಬ್ಯಾಟರಿ ಅಂಗಡಿಯಿಂದ ಶುದ್ಧ ನೀರಿನ ಕ್ಯಾನುಗಳನ್ನು ತಂದಿಟ್ಟಿದ್ದೆ. ನಮ್ಮ ಬೋರಿನ ನೀರು ಕುದಿಸಿದರೆ ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ. ನೀರು ತುಂಬಿ, ಫ್ಯಾನ್ ತಿರುಗುವ ತನಕ ಎಂಜಿನ್ ಓಡಿಸಿ, ಪೂರ್ತಿ ತಣಿದ ಮೇಲೆ ಮುಚ್ಚಳ ತೆಗೆದು, ಕೆಳಗಿನ ಬೋಲ್ಟ್ ಬಿಚ್ಚಿದೆ. ಜಾತ್ರೆಯಲ್ಲಿ ಭಂಡಾರದ ಅರಿಶಿನ ಎರಚಿದ ಮರುದಿನ ಅಂಗಳ ತೊಳೆದಂಥ ನೀರು ಬಂತು. ಮತ್ತೊಮ್ಮೆ ತುಂಬಿದೆ, ಮತ್ತೊಮ್ಮೆ ಇಳಿಸಿದೆ. ಅಂಗಳದಲ್ಲಿ ಕಟ್ಟಿದ್ದ ಎಮ್ಮೆ ಹಗ್ಗ ಜಗ್ಗಿಕೊಂಡು ಬೋಗುಣಿಯತ್ತ ಮೂತಿ ಚಾಚಿತು. ಕೂಲಂಟ್ ಸಿಹಿಯಾಗಿರುತ್ತದೆ, ವಿಷವೂ ಹೌದು. ಇಳಿಸಿದ್ದನ್ನೆಲ್ಲ ಕ್ಯಾನಿಗೆ ಸುರಿದು ಬಿರಡೆ ಹಾಕಿದೆ.

"ಕರಿಬೇವಿನ ಬುಡಕ್ಕ ಹಾಕಬಾರದೇನು? ಅರಿಷಿಣ ಐತಿ, ಔಷಧ ಆಗತೈತಿ," ಎಂದರು ಕಾಕು.

"ಬ್ಯಾಡ ಕಾಕು. ಆಮ್ಯಾಲ ಚಟ್ನಿ ನಾವ ತಿನ್ನಬೇಕು."

ಕೊನೆಗೆ ನೀರು ತಿಳಿಯಾಗಿ ಬಂತು. ಹೊಸ ಕೂಲಂಟ್ ತುಂಬಿ, ಪೈಪುಗಳನ್ನು ಹಿಸುಕಿ ಗಾಳಿ ಹೊರಡಿಸಿ, ಎಂಜಿನ್ ಹಚ್ಚಿ ಕೆಳಗೆ ಬಗ್ಗಿದೆ. ಕೆಳಗಿನ ರಬ್ಬರ್ ಪೈಪು ರೇಡಿಯೇಟರಿಗೆ ಸೇರುವ ಕಡೆ ಹಸಿರು ಹನಿಯೊಂದು ದಪ್ಪವಾಗಿ, ಯೋಚಿಸಿ, ಬಿತ್ತು. ಅದರ ಹಿಂದೆಯೇ ಇನ್ನೊಂದು.

ಅರಿಶಿನ ತನ್ನ ಕೆಲಸ ಮಾಡಿಕೊಂಡು ಕೂತಿತ್ತು. ನಾನು ಶ್ರದ್ಧೆಯಿಂದ ಅದನ್ನು ತೊಳೆದು ತೆಗೆದಿದ್ದೆ.

ಕಾಕಾ ಕಟ್ಟೆಯಿಂದ ಇಳಿದು ಬಂದರು. ಸೊಂಟದ ನೋವು ಆ ಕ್ಷಣಕ್ಕೆ ಅವರಿಗೆ ನೆನಪಿರಲಿಲ್ಲ. "ಖರೆ ಹೇಳು, ನಾ ಹಾಕಿದ ಮ್ಯಾಲ ಒಂದ ಹನಿ ಬಿದ್ದಿತ್ತೇನು? ಎಂ.ಎಸ್ಸಿ. ಕೈ ಹಚ್ಚಿತು, ಸೋರಾಕತ್ತೈತಿ."

"ಡಬ್ಬಿ ಕೊಡಲೇನು?" ಎಂದರು ಕಾಕು. "ಈ ಸಲ ತುಂಬೇತಿ."

ಅವರಿಬ್ಬರೂ ಒಳಗೆ ಹೋದ ಮೇಲೆ ನಾನು ಹನಿಗಳನ್ನು ನೋಡುತ್ತ ಕೂತೆ. ಯಮಕನಮರಡಿಯವರು ಗಾಡಿ ಬಲ್ಲವರು. ಬಂದವರೇ ಮೊದಲು ಕೆಳಗೆ ಬಗ್ಗಿ ನೋಡುತ್ತಾರೆ, ನೆಲ ಒದ್ದೆ ಕಂಡರೆ ಗಾಡಿ ಬಿಟ್ಟು ಮುಂದಿನ ಬಸ್ಸು ಹಿಡಿಯುತ್ತಾರೆ. ನಾನು ಏನೂ ಮಾಡಬೇಕಿರಲಿಲ್ಲ. ಏನೂ ಮಾಡದಿದ್ದರೆ ಸಾಕಿತ್ತು. ಅದು ನನ್ನ ಸ್ವಭಾವಕ್ಕೆ ಒಗ್ಗುವ ಉಪಾಯವೇ. ಆದರೆ ನಾನು ಕೈ ಹಾಕಿದ ಜೋಡಣೆ ಸೋರುತ್ತಿದೆ ಎಂಬುದನ್ನು ಎಷ್ಟು ಹೊತ್ತು ನೋಡಲಾದೀತು? ಪ್ರಯೋಗಾಲಯದಲ್ಲಿ ಸೋರುವ ನಳಿಕೆ ಕಂಡರೆ ಅದು ಸರಿಯಾಗುವ ತನಕ ವಿದ್ಯಾರ್ಥಿಗಳನ್ನು ಊಟಕ್ಕೆ ಬಿಡದವಳು ನಾನು.

ಕೂಲಂಟ್ ಇಳಿಸಿಕೊಂಡು ಪೈಪು ಕಿತ್ತೆ. ಅದರ ತುದಿ ಸೀಳಿತ್ತು, ಅದನ್ನು ಅಪ್ಪಿ ಹಿಡಿಯುವ ತಂತಿಯ ಕ್ಲಿಪ್ ಸಡಿಲಾಗಿತ್ತು. ಪೈಪಿನ ಸುತ್ತ ದಾರ ಸುತ್ತಿ ಅಳತೆ ತೆಗೆದುಕೊಂಡು, ಟಂಟಂ ಆಟೋ ಹತ್ತಿ ಮೂಡಲಗಿಗೆ ಹೋದೆ. ಹಾರ್ಡ್‌ವೇರ್ ಅಂಗಡಿಯವರು ದಾರವನ್ನು ಹಿಡಿದು ನೋಡಿ, ಬಳೆಯ ಅಳತೆ ಎಂದುಕೊಂಡು, "ಬಳಿ ಅಂಗಡಿ ಬಾಜೂಕ ಐತ್ರಿ," ಎಂದರು. ಏನು ಬೇಕೆಂದು ವಿವರಿಸಿದ ಮೇಲೆ ಬೆಳೆಗೆ ಔಷಧ ಹೊಡೆಯುವ ಪಂಪಿನ ಪೈಪಿಗೆ ಹಾಕುವ ಸ್ಕ್ರೂ ಕ್ಲಿಪ್ ಕೊಟ್ಟರು. ಅದು ಸರಿಯಾಗಿ ಕೂಡುವಂತಿತ್ತು.

ಮನೆಗೆ ಬಂದು ಪೈಪಿನ ಸೀಳಿದ ತುದಿಯನ್ನು ಒಂದು ಬೆರಳಿನಷ್ಟು ಕತ್ತರಿಸಿದೆ. ಉದ್ದ ಇನ್ನೂ ಸಾಲುತ್ತಿತ್ತು. ಲೋಹದ ಕೊರಳಿಗೆ ಅಂಟಿದ್ದ ಹಳದಿ ಹಕ್ಕಳೆಯನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿ ತೆಗೆದೆ. ಪೈಪು ಏರಿಸಿ, ಕ್ಲಿಪ್ ತಿರುಗಿಸುತ್ತ ಬಂದು, ಕೊನೆಯ ಅರ್ಧ ಸುತ್ತಿಗೆ ನಿಂತೆ. ಅದೊಂದನ್ನು ಬಿಟ್ಟರೂ ಸೋರಲು ಸಾಕಿತ್ತು. ಬಿಗಿದೆ.

ಕೂಲಂಟ್ ಮರಳಿ ತುಂಬಿ ಎಂಜಿನ್ ಹಚ್ಚಿದೆ. ಫ್ಯಾನ್ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಕೆಳಗೆ ಹಾಸಿದ್ದ ಪೇಪರ್ ಒಣಗಿಯೇ ಇತ್ತು. ಕಾಕಾ ಪೈಪಿನ ಮೇಲೆ ಬೆರಳಾಡಿಸಿ, ಬೆರಳು ನೋಡಿಕೊಂಡರು. "ಭೇಷ್. ನಾಳೆ ಕುಂಕುಮ ಹಚ್ಚಿ ಅವನ ಕೈಯಾಗ ಕೊಟ್ಟುಬಿಡೂಣು."

"ಕಾಕಾ, ಗಾಡಿ ನನಗ ಬೇಕ್ರಿ."

ಬೆಳ್ಳುಳ್ಳಿ ಸುಲಿಯುತ್ತಿದ್ದ ಕಾಕುವಿನ ಕೈ ನಿಂತಿತು.

"ಇಷ್ಟ ದಿನ ಯಾಕ ಹೇಳಲಿಲ್ಲ?" ಎಂದರು ಕಾಕಾ.

"ನೀವು ಕೇಳಲಿಲ್ರಿ."

"ಕೇಳಿದ್ರ ಹೇಳತಿದ್ದಿ?"

ಕಾಕಾ ದಿಂಬು ಸರಿಮಾಡಿಕೊಂಡು ಕೂತರು. "ನಾ ಅವಗ ಮಾತು ಕೊಟ್ಟೇನಿ. ಈಗ ಇಲ್ಲ ಅನ್ನಾಕ ನನಗ ಬಾಯಿ ಬರಾಂಗಿಲ್ಲ. ನಿನಗ ಬೇಕಲ್ಲ, ನೀನ ಹೇಳು. ಹೇಳಿದ್ರ ಗಾಡಿ ನಿಂದು. ಇಲ್ಲಂದ್ರ ಅವ ಬಂದು ಒಯ್ತಾನ."

"ಯಾರು, ಈಕಿ ಹೇಳತಾಳ?" ಕಾಕು ನಗತೊಡಗಿದರು. "ಬಾಜೂ ಖೋಲ್ಯಾಗಿಂದ ಮಜ್ಜಿಗಿ ಬೇಕಂತ ನನಗ ಮೆಸೇಜ್ ಮಾಡಾಕಿ."

"ಮೆಸೇಜ್ ನಡಿಯಾಂಗಿಲ್ಲ," ಎಂದರು ಕಾಕಾ. "ಬಾಯಿಲೆ ಹೇಳಬೇಕು."

ರಾತ್ರಿ ಊಟದ ಮೇಲೆ ಫೋನ್ ಹಿಡಿದು ಯಮಕನಮರಡಿಯವರ ನಂಬರ್ ಒತ್ತಿದೆ, ರಿಂಗ್ ಆಗುವ ಮೊದಲೇ ಕತ್ತರಿಸಿದೆ. ಅವರು ಹಲೋ ಎಂದ ಮೇಲೆ ಎಲ್ಲಿಂದ ಆರಂಭಿಸುವುದು? ಆರಾಮ ಇದ್ದೀರಾ ಎಂದು ಕೇಳಿ, ಅವರು ಆರಾಮ ಎಂದು, ಅಷ್ಟಾದ ಮೇಲೆ ನಿರಾಸೆ ಮಾಡುವುದು ಹೇಗೆ? ಮಲಗಿದೆ.

ಬೆಳಗ್ಗೆ ಎದ್ದವಳೇ ತಣ್ಣಗಿದ್ದ ಎಂಜಿನ್ನಿನ ಕೂಲಂಟ್ ಮಟ್ಟ ನೋಡಿ, ಹೆಲ್ಮೆಟ್ ಹಾಕಿಕೊಂಡು ಹೊರಟೆ. ಅವರು ಬಸ್ಸು ಹತ್ತುವ ಮೊದಲು ಮುಟ್ಟಬೇಕಿತ್ತು. ಗೋಕಾಕ ದಾಟಿ ಹುಕ್ಕೇರಿಯಲ್ಲಿ ನಿಲ್ಲಿಸಿ ಬಗ್ಗಿ ನೋಡಿದೆ, ಪೈಪು ಒಣಗಿತ್ತು. ಅಲ್ಲಿಂದ ಮುಂದೆ ಹೇಳಬೇಕಾದ ವಾಕ್ಯವನ್ನು ಹೆಲ್ಮೆಟ್ಟಿನೊಳಗೆ ಜೋರಾಗಿ ಅಭ್ಯಾಸ ಮಾಡುತ್ತ ಹೋದೆ.

ಯಮಕನಮರಡಿಯಲ್ಲಿ ಅವರು ಮನೆಯ ಮುಂದೆ ಟೆಂಪೊ ತೊಳೆಯುತ್ತಿದ್ದರು. "ನೀವ ತಂದ್ರ್ಯಾ? ನಾನ ಬಸ್ಸಿಗೆ ಹೊಂಟಿದ್ದೆ ನೋಡ್ರಿ," ಎಂದು ಕೈ ಒರೆಸಿಕೊಂಡು ಬಂದು, ನಾನು ಇಳಿಯುವುದರೊಳಗೆ ಕುಕ್ಕರಗಾಲಲ್ಲಿ ಕೂತು ಗಾಡಿಯ ಕೆಳಗೆ ಇಣುಕಿದರು. "ಸೋರಿಕಿ ಗೀರಿಕಿ ಏನಿಲ್ಲಲ್ರಿ?"

"ಇಲ್ರಿ. ಇತ್ತು, ನಿನ್ನೆ ತಗದೇನಿ."

"ಛಲೋ ಆತು. ಕೀಲಿ ಕೊಡ್ರಿ ಹಂಗಾರ."

ಹೆಲ್ಮೆಟ್ ತೆಗೆದೆ. "ಗಾಡಿ ಮಾರೂದಿಲ್ರಿ. ನಾನ ಇಟ್ಕೊಳ್ಳಾಕತ್ತೇನಿ. ತಪ್ಪ ತಿಳ್ಕೋಬ್ಯಾಡ್ರಿ."

ಅವರು ಕೂತಲ್ಲಿಂದಲೇ ನನ್ನನ್ನು ನೋಡಿದರು, ಗಾಡಿಯನ್ನು ನೋಡಿದರು, ನಾನು ಬಂದ ರಸ್ತೆಯನ್ನೂ ನೋಡಿದರು. "ಇದನ್ನ ಹೇಳಾಕ ಕುಲಗೋಡದಿಂದ ಇಲ್ಲೀತನಕ ಬಂದ್ರೇನ್ರಿ? ಫೋನ್ ಇಲ್ಲೇನ್ರಿ ನಿಮ್ಮ ಮನ್ಯಾಗ?"

"ಐತ್ರಿ. ಫೋನಿನ್ಯಾಗ ಹೇಳಾಕ ಬರೂದಿಲ್ರಿ ನನಗ."

ಅವರು ತಲೆ ಕೊಡವಿ ನಕ್ಕು, ಒಳಗೆ ಕೂಗಿ ಚಹಾ ಮಾಡಲು ಹೇಳಿದರು. ಕೀಲಿಯನ್ನು ಎಡಮುಷ್ಟಿಯಲ್ಲಿ ಹಿಡಿದುಕೊಂಡೇ ನಾನು ಚಹಾ ಕುಡಿದೆ.