ಎಡಗಾಲಿನ ಚಪ್ಪಲಿ

ಕೋವಿಡ್ ಹಾವಳಿ ತಗ್ಗಿದ ಮರುವರ್ಷ ನಾನು ಕೊಲ್ಹಾಪುರದ ಆಸ್ಪತ್ರೆಯೊಂದರಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್ ಆಗಿದ್ದೆ. ನಡಿಗೆಯ ತೊಂದರೆ ಅಳೆಯುವ ಸೆನ್ಸರ್‌ಗಳು ನಮ್ಮಲ್ಲಿಗೆ ಆಗಷ್ಟೇ ಬಂದಿದ್ದವು. ಬೆಂಕಿಪೊಟ್ಟಣದಷ್ಟು ಪುಟ್ಟ ಡಬ್ಬಿಗಳು. ಎರಡೂ ಪಾದಕ್ಕೆ ಕಟ್ಟಿ ರೋಗಿಯನ್ನು ನಡೆಸಿದರೆ, ಪಾದ ಎಷ್ಟು ಮೇಲೇಳುತ್ತದೆ, ಯಾವ ಕಾಲು ಎಡವುತ್ತದೆ ಎಂಬುದೆಲ್ಲ ಕಂಪ್ಯೂಟರಿನಲ್ಲಿ ಗೆರೆಯಾಗಿ ಮೂಡುತ್ತದೆ. ಆ ಕೋಣೆಯನ್ನು ನಮ್ಮ ಸಿಬ್ಬಂದಿ ದೇವರಮನೆಯಂತೆ ಕಾಪಾಡುತ್ತಿದ್ದರು. ಚಪ್ಪಲಿ ಹೊರಗೇ ಬಿಡಿ ಎಂದು ಮರಾಠಿಯಲ್ಲಿ ಬೋರ್ಡೂ ತೂಗುತ್ತಿತ್ತು.

ಹತ್ತಿರದ ಹುಪರಿ ಎಂಬ ಊರಿನ ಗಂಗವ್ವ ಬಂದದ್ದು ಆಗ. ಐವತ್ತು ದಾಟಿದ ಹೆಂಗಸು. ಮನೆಯಲ್ಲೇ ಕೂತು ಬೆಳ್ಳಿ ಕಾಲ್ಗೆಜ್ಜೆಯ ಕೊಂಡಿ ಜೋಡಿಸುವ ಕೆಲಸ. ಜೊತೆಗೆ ಸೊಸೆ ಸುನೀತಾ, ಅವಳ ಕಂಕುಳಲ್ಲಿ ಆರೇಳು ತಿಂಗಳ ಗಂಡುಮಗು. ಗಂಗವ್ವ ಓಣಿಯಲ್ಲಿ ಎರಡು ಸಲ ಬಿದ್ದಿದ್ದರು. ಎರಡನೆಯ ಸಲ ಮೊಮ್ಮಗ ಕೈಯಲ್ಲಿದ್ದ. ಪುಣ್ಯಕ್ಕೆ ಅವನಿಗೇನೂ ಆಗಲಿಲ್ಲ. ಆದರೆ ಅಂದಿನಿಂದ ಸುನೀತಾ ಮಗುವನ್ನು ಅತ್ತೆಯ ಕೈಗೆ ಕೊಡುವುದನ್ನೇ ಬಿಟ್ಟಿದ್ದಳು.

ಮೆದುಳಿನ ಸ್ಕ್ಯಾನ್ ಸರಿಯಿತ್ತು. ನಮ್ಮ ಕೋಣೆಯಲ್ಲೂ ಗಂಗವ್ವ ನೆಟ್ಟಗೆ ನಡೆದರು. ರಿಪೋರ್ಟ್ ನಾರ್ಮಲ್ ಎಂದು ಖುಷಿಯಿಂದಲೇ ಹೇಳಿದೆ. ಆಕೆಯ ಮುಖ ಸಪ್ಪಗಾಯಿತು.

"ಹಂಗಂದ್ರ ನಾ ಬೇಫಿಕೀರಿಂದ ಬಿದ್ದೀನಿ ಅಂದಂಗಾತಲ್ರಿ ಡಾಕ್ಟರ್ ಬಾಯಿ. ರೋಗ ಐತಿ ಅಂತ ಬರೀರಿ. ರೋಗ ಆದ್ರ ವಾಸಿ ಆಗತೈತಿ, ಆಮ್ಯಾಲ ಕೂಸಿನ್ನ ಎತಗೋಬಹುದು."

ಸುನೀತಾ ತಲೆ ತಗ್ಗಿಸಿದಳು. "ಅತ್ತಿ ಮ್ಯಾಲ ಸಿಟ್ಟಿಲ್ರಿ ನನಗ. ಭಾಳ ಅಂಜಿಕಿ ಆಗೇತ್ರಿ."

ರೋಗ ಕೊಡಿ ಎಂದು ಬೇಡುವ ರೋಗಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಈ ಹೆಂಗಸನ್ನು ಹೀಗೇ ಹುಪರಿ ಬಸ್ಸು ಹತ್ತಿಸುವುದಿಲ್ಲ ಎಂದು ನನಗೂ ಹಟ ಹುಟ್ಟಿತು. ಬೀಳ್ಕೊಡುವ ನೆಪದಲ್ಲಿ ಅವರೊಂದಿಗೆ ಬಾಗಿಲಿಗೆ ಬಂದೆ. ಹೊರಗೆ ಗಂಗವ್ವನ ದಪ್ಪ ತೊಗಲಿನ ಚಪ್ಪಲಿಗಳಿದ್ದವು. ಬಲಗಾಲಿನದು ಚೆನ್ನಾಗಿತ್ತು. ಎಡಗಾಲಿನದರ ತುದಿ ಮಾತ್ರ ನೆಲಕ್ಕೆ ಉಜ್ಜಿ ಉಜ್ಜಿ ಸವೆದುಹೋಗಿತ್ತು. ಓಣಿಯಲ್ಲಿ ಆಕೆ ನಡೆಯುತ್ತಿದ್ದುದು ಈ ಭಾರ ಎತ್ತಿಕೊಂಡು. ನಾವು ಪರೀಕ್ಷಿಸಿದ್ದು ಅದನ್ನು ಬಿಡಿಸಿ.

"ಚಪ್ಪಲ್ ಹಾಕ್ಕೊಂಡು ಒಳಗ ಬರ್ರಿ" ಎಂದೆ.

"ಬೋರ್ಡ್ ಐತಲ್ರಿ."

"ಇರ್ಲಿ ಬಿಡ್ರಿ. ನೆಲ ನಾ ಒರಸ್ತೀನಿ."

ಮತ್ತೆ ಸೆನ್ಸರ್ ಕಟ್ಟಿ, ಕಾಲು ಸೋಲುವ ತನಕ ನಡೆಸಿದೆ. ಮೊದಮೊದಲು ಎಲ್ಲ ಸರಿಯಿತ್ತು. ಆಮೇಲೆ ಎಡಪಾದದ ಗೆರೆ ಮೆಲ್ಲಗೆ ಇಳಿಯತೊಡಗಿತು. ಪಾದದ ಮುಂಭಾಗ ಮೇಲೇಳುತ್ತಿರಲಿಲ್ಲ. ಕೊನೆಗೆ ಚಪ್ಪಲಿಯ ತುದಿ ನೆಲಕ್ಕೆ ತಾಗಿ ಗಂಗವ್ವ ಮುಗ್ಗರಿಸಿದರು, ನಾನು ತೋಳು ಹಿಡಿದೆ. ಸುನೀತಾ ಕಂಪ್ಯೂಟರಿನ ಹತ್ತಿರ ಬಂದು ನಿಂತಿದ್ದಳು.

ಕೆಲಸಕ್ಕೆ ಹೇಗೆ ಕೂಡುತ್ತೀರಿ ಎಂದು ಕೇಳಿದೆ. ಗಂಗವ್ವ ಅಲ್ಲೇ ನೆಲದ ಮೇಲೆ ಕೂತು, ಎಡಗಾಲು ಮಡಿಚಿ, ಅದರ ಮೇಲೆ ಬಲಗಾಲು ಹೇರಿ ತೋರಿಸಿದರು. ಎಡಮೊಣಕಾಲಿನ ಹೊರಬದಿ ನೆಲಕ್ಕೆ ಒತ್ತಿತ್ತು. ಪಾದವನ್ನು ಮೇಲೆತ್ತುವ ನರ ಹಾದುಹೋಗುವುದು ಅಲ್ಲೇ, ಚರ್ಮದ ಕೆಳಗೇ. ವರ್ಷಗಟ್ಟಲೆ ಹಾಗೆ ಕೂತು ಆ ನರ ಸೊರಗಿತ್ತು. ಮರುದಿನ ನರದ ಪರೀಕ್ಷೆಯೂ ಅದನ್ನೇ ಹೇಳಿತು.

"ರೋಗ ಸಿಕ್ತ್ರಿ ಗಂಗವ್ವಾರ" ಎಂದಾಗ ಆಕೆ ಬಹುಮಾನ ಬಂದವರಂತೆ ನಕ್ಕರು.

ಎತ್ತರದ ಮಣೆ, ಪಾದ ಎತ್ತಿ ಹಿಡಿಯುವ ಪಟ್ಟಿ, ದಿನವೂ ವ್ಯಾಯಾಮ. ತಿಂಗಳುಗಳೇ ಹಿಡಿದವು. ರೊಟ್ಟಿ ಬಡಿಯುವಾಗಲೂ ಅತ್ತೆ ಪಾದ ಎತ್ತಿಳಿಸುತ್ತಾರೆ ಎಂದು ಸುನೀತಾ ದೂರು ಹೇಳಿದ್ದೂ ಉಂಟು. ಅಷ್ಟರಲ್ಲಿ ಆ ಬೋರ್ಡನ್ನು ನಾನು ತೆಗೆಸಿದ್ದೆ. ರೋಗಿ ತನ್ನ ಓಣಿಯಲ್ಲಿ ಹೇಗೆ ನಡೆಯುತ್ತಾರೋ ಹಾಗೆ ನಡೆಸಿ ನೋಡದೆ ನಾರ್ಮಲ್ ಎಂದು ಬರೆಯಬಾರದು. ಈ ವೃತ್ತಿ ಕಲಿಸಿದ ಪಾಠಗಳಲ್ಲಿ ನಾನು ಮರೆಯದೆ ಪಾಲಿಸಿದ್ದು ಇದನ್ನು.

ಕೊನೆಯ ಪರೀಕ್ಷೆಯ ದಿನ ಗಂಗವ್ವ ಅದೇ ಚಪ್ಪಲಿ ಹಾಕಿಕೊಂಡು ನಡೆದು ಮುಗಿಸಿದರು. ನಾನು ಗೆರೆಗಳನ್ನು ಹೋಲಿಸುತ್ತ ಕೂತಿದ್ದೆ. ಸುನೀತಾ ನನ್ನ ಮಾತಿಗೆ ಕಾಯಲಿಲ್ಲ.

"ಅತ್ತಿ, ಕೂಸಿನ್ನ ಹಿಡೀರಿ. ನಾ ಕೇಸ್‌ಪೇಪರ್ ತರ್ತೀನಿ."

ಗಂಗವ್ವ ಎರಡೂ ಅಂಗೈ ಸೆರಗಿಗೆ ಒರೆಸಿಕೊಂಡು ಮಗುವನ್ನು ತಗೊಂಡರು. ಅವನನ್ನು ಎತ್ತಿಕೊಂಡೇ ವರಾಂಡದ ಕೊನೆಯವರೆಗೆ ಹೋಗಿ ತಿರುಗಿ ಬಂದರು. ನಾನು ಕಂಪ್ಯೂಟರ್ ಬಿಟ್ಟು ಆ ನಡಿಗೆಯನ್ನೇ ನೋಡುತ್ತ ನಿಂತೆ.