ಹಲ್ಲು ನೋಡಿ ಕೊಂಡ ರೇಜರು

ಹೊಳೆಗೆ ಹೊಸ ನೀರು ಬಂದರೆ ನಮ್ಮ ನಲ್ಲಿಯಲ್ಲಿ ಕೆಂಪು ನೀರು ಬರುತ್ತದೆ. ಮೊನ್ನೆ ಸೊಸೆ ಆ ನೀರು ತಿಳಿಯಾಗಲೆಂದು ಕೊಡದೊಳಗೆ ಪಟಕದ ತುಂಡನ್ನು ನಾಲ್ಕು ಸುತ್ತು ತಿರುಗಿಸಿ, ಅದನ್ನು ನಾನು ಕೂತ ಕಟ್ಟೆಯ ಮೇಲೆ ಇಟ್ಟು ಒಳಗೆ ಹೋದಳು. ಪಟಕಕ್ಕೆ ವಾಸನೆಯೇ ಇಲ್ಲ ಎನ್ನುವವರಿದ್ದಾರೆ. ಅವರು ಕೊಯ್ದುಕೊಂಡ ಗಲ್ಲದ ಮೇಲೆ ಅದನ್ನು ಒತ್ತಿಕೊಂಡವರಲ್ಲ. ಒದ್ದೆ ಪಟಕಕ್ಕೆ ಒಂದು ಸಣ್ಣ ಒಗರು ವಾಸನೆ ಇದೆ. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಗಲ್ಲ ಚುರ್ ಎಂದಿತು. ಈ ವಯಸ್ಸಿನಲ್ಲಿ ಮೊಣಕಾಲು ಚುರ್ ಎನ್ನುವುದು ಸಹಜ. ಗಲ್ಲ ಚುರ್ ಎಂದರೆ ಕಾರಣ ಹುಡುಕಬೇಕಾಗುತ್ತದೆ. ಹುಡುಕುತ್ತ ಹೋದವನು ಗಜೇಂದ್ರಗಡದ ಒಂದು ಅಂಗಡಿಯ ಮುಂದೆ ಹೋಗಿ ನಿಂತೆ.

ಈಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮುಶಿಗೇರಿಯಲ್ಲಿ ಆಗ ತನ್ನ ಗಡ್ಡ ತಾನೇ ತೆಗೆದುಕೊಳ್ಳುವ ಗಂಡಸು ಇರಲಿಲ್ಲ. ತನ್ನ ಬೆನ್ನು ತಾನೇ ತಿಕ್ಕಿಕೊಂಡಷ್ಟು ಪೇಚಿನ ಕೆಲಸ ಅದು ಎಂದು ಎಲ್ಲರ ತಿಳಿವಳಿಕೆ. ಅದಕ್ಕೆಂದು ಹಣಮಪ್ಪ ಇದ್ದ. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಜೋಳ ಒಯ್ಯುತ್ತಿದ್ದ, ವರ್ಷವಿಡೀ ಮನೆಮನೆಗೆ ಬಂದು ಕ್ಷೌರ ಮಾಡುತ್ತಿದ್ದ. ಅವನ ಕತ್ತಿಗಿಂತ ನಾಲಿಗೆ ಚುರುಕು. ಗಲ್ಲ ಅವನ ಕೈಯಲ್ಲಿ ಸಿಕ್ಕಿರುವಾಗ ಎದುರು ಮಾತಾಡುವ ಧೈರ್ಯ ಯಾರಿಗೆ? ಹೀಗಾಗಿ ಊರಿನ ಯಾವ ವಿಷಯದಲ್ಲೂ ಕೊನೆಯ ಮಾತು ಅವನದೇ ಆಗಿರುತ್ತಿತ್ತು.

ನಾನು ಶಾಲೆಗೆ ಹೋಗುವಾಗಲೇ ಅಪ್ಪನ ಕಣ್ಣು ಮಸುಕಾಗತೊಡಗಿದ್ದವು. ಅವನು ಅದನ್ನು ಯಾರಿಗೂ ಹೇಳಲಿಲ್ಲ. ಬಿತ್ತುವಾಗ ಸಾಲು ಸೊಟ್ಟಗಾದರೆ ಎತ್ತುಗಳನ್ನು ಬೈಯುತ್ತಿದ್ದ. ಪಾಪ, ಅವು ಸುಮ್ಮನೆ ಬೈಸಿಕೊಂಡವು. ಹೊಳೆಆಲೂರಿನಿಂದ ಬಂದ ಬೀಗರು ಬಾಗಿಲಲ್ಲಿ ನಿಂತಾಗ ಭಿಕ್ಷೆಯವರೆಂದು ತಿಳಿದು, “ಮುಂದಿನ ಮನಿಗೆ ಹೋಗ್ರಿ” ಎಂದ ದಿನ ಗುಟ್ಟು ರಟ್ಟಾಯಿತು. ಅಷ್ಟರಲ್ಲಿ ಎರಡೂ ಕಣ್ಣಿನ ಪೊರೆ ಬಲಿತು, ಎದುರು ನಿಂತವರೆಲ್ಲ ಅವನಿಗೆ ಬರೀ ನೆರಳಾಗಿದ್ದರು. ನನಗೆ ಮೀಸೆ ಮೂಡಿದ್ದು ಈ ನಡುವೆ. ಅಂದರೆ ಅಪ್ಪ ತನ್ನ ಒಬ್ಬನೇ ಮಗನ ಮೀಸೆಯನ್ನು ಕಣ್ಣಾರೆ ಕಂಡಿರಲೇ ಇಲ್ಲ. ಬೆರಳಿನಿಂದ ಮುಟ್ಟಿದ್ದ, ಹಣಮಪ್ಪನ ಬಾಯಿಂದ ಕೇಳಿದ್ದ, ಅಷ್ಟೇ.

“ಹ್ಯಾಂಗ ಬಂದೈತೋ ಹಣಮಪ್ಪಾ, ನಮ್ಮ ಹುಡುಗನ ಮೀಸಿ?”

“ಏನ್ ಕೇಳತೀರಿ ಧಣ್ಯಾರ! ಎಡಕೊಂದು ಬಲಕೊಂದು ನಿಂಬಿಹಣ್ಣು ನಿಂದರಸಬಹುದು!”

ನಿಂಬೆಹಣ್ಣಿನ ಮಾತಿರಲಿ, ಅದರ ಮೇಲೆ ಜೀರಿಗೆ ಕಾಳು ನಿಲ್ಲುವುದೂ ಕಷ್ಟವಿತ್ತು. ಆದರೆ ಅಪ್ಪ ಕೇಳಿ ಹಿಗ್ಗುತ್ತಿದ್ದ. ಬಂದವರ ಮುಂದೆಲ್ಲ ಅದನ್ನೇ ಹೇಳುತ್ತಿದ್ದ. ಬಂದವರು ನನ್ನ ಮುಖ ನೋಡಿ, ಅಪ್ಪನ ಮುಖ ನೋಡಿ, “ಹೌದ್ರಿ, ಖರೇರಿ” ಎನ್ನುತ್ತಿದ್ದರು. ನಮ್ಮ ಕಡೆಯ ಜನ ಒರಟು ಎನ್ನುವವರು ಇಂಥ ಹೊತ್ತಿನಲ್ಲಿ ನಮ್ಮನ್ನು ನೋಡಿಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಬರೀ ನಗೆಪಾಟಲಾಗಿ ಕಾಣುತ್ತದೆ. ನಮ್ಮ ಮನೆತನದಲ್ಲಿ ತಂದೆ ಇರುವ ತನಕ ಮಗ ಮೀಸೆ ತೆಗೆಯುವಂತಿಲ್ಲ. ತಂದೆ ತೀರಿದ ದಿನ ತೆಗೆಯಬೇಕು. ಬೋಳು ತುಟಿಯ ಮಗನನ್ನು ಬೀದಿಯಲ್ಲಿ ಕಂಡರೆ ಜನ ಬೇರೆ ಸುದ್ದಿಗೆ ಕಾಯುತ್ತಿರಲಿಲ್ಲ. ತಲೆಯ ಮೇಲಿನ ರುಮಾಲು ತೆಗೆದು ನಿಲ್ಲುತ್ತಿದ್ದರು.

ಕರ್ನಾಟಕ ಒಂದಾಗಿ ಒಂದೆರಡು ಸುಗ್ಗಿ ಕಳೆದಿದ್ದವು. ನರಗುಂದದ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ನಡೆಯುತ್ತದೆ, ದೊಡ್ಡ ಡಾಕ್ಟರು ಬಂದು ಪೊರೆ ತೆಗೆಯುತ್ತಾರೆ ಎಂದು ಸುದ್ದಿ ಬಂತು. ಅಪ್ಪನನ್ನು ಒಪ್ಪಿಸುವುದು ಕಷ್ಟವಾದೀತೆಂದು ಅವ್ವ ಅಂಜಿದ್ದಳು. ಅವನು ನಮಗಿಂತ ಮೊದಲೇ ರುಮಾಲು ಸುತ್ತಿಕೊಂಡು ಕೂತಿದ್ದ. ಇಬ್ಬರನ್ನೂ ಅಲ್ಲಿ ಬಿಟ್ಟು ನಾನು ಎತ್ತುಗಳಿಗಾಗಿ ಊರಿಗೆ ಮರಳಬೇಕಾಗಿತ್ತು. ಹೊರಡುವಾಗ ಅಪ್ಪ ನನ್ನ ಕೈ ಹಿಡಿದುಕೊಂಡ.

“ಪಟ್ಟಿ ಬಿಚ್ಚೂ ದಿನಾ ನೀನ ನನ್ನ ಮುಂದ ನಿಂದರಬೇಕು. ಮೊದಲ ನಿನ್ನ ಮೀಸಿ ನೋಡತೀನಿ. ಆಮ್ಯಾಲ ನಿಮ್ಮವ್ವನ ಮಾರಿ.”

“ನೋಡ್ರಿ, ನೋಡ್ರಿ,” ಎಂದಳು ಅವ್ವ. “ನನ್ನ ಮಾರಿ ಎಲ್ಲಿ ಓಡಿ ಹೋಗತೈತಿ?”

ಇಷ್ಟು ದೊಡ್ಡ ಜವಾಬ್ದಾರಿ ಹೊತ್ತ ಮೀಸೆಯ ಸುತ್ತ ಕುರುಚಲು ಗಡ್ಡ ಇರಬಾರದಲ್ಲ! ಪಟ್ಟಿ ಬಿಚ್ಚುವ ದಿನ ಹತ್ತಿರ ಬಂತು. ಹಣಮಪ್ಪನನ್ನು ನೋಡಿದರೆ ಮದುವೆಯ ಕೆಲಸಕ್ಕೆಂದು ಲಕ್ಕಲಕಟ್ಟಿಗೆ ಹೋಗಿ ಕೂತಿದ್ದ. ಮದುವೆ ಮುಗಿದರೂ ಅಲ್ಲಿನ ಹೋಳಿಗೆ ಮುಗಿಯುವ ತನಕ ಅವನು ಬರುವವನಲ್ಲ. ನಿಜ ಹೇಳಬೇಕೆಂದರೆ ಅವನಿಲ್ಲದ್ದು ನನಗೆ ಒಳಗೊಳಗೇ ಖುಷಿ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು. ಗಜೇಂದ್ರಗಡದ ಸಂತೆಗೆ ಹೋದಾಗಲೆಲ್ಲ ಒಂದು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುವ ರೇಜರುಗಳನ್ನು ನೋಡಿ ಬರುತ್ತಿದ್ದೆ. ಕೊಳ್ಳಲು ಒಂದು ನೆಪ ಬೇಕಿತ್ತು, ಸಿಕ್ಕಿತು.

ಆ ಅಂಗಡಿಯ ಸಾಹೇಬರಿಗೆ ಎದೆಯ ತನಕ ಗಡ್ಡ. ಒಡವೆ ತೋರಿಸುವವರ ಹಾಗೆ ಅವರು ಕೆಂಪು ಅರಿವೆ ಹಾಸಿ ಮೂರು ರೇಜರು ಇಟ್ಟರು. ಒಂದು ಹಿತ್ತಾಳೆಯದು, ಗಿಡ್ಡ ಹಿಡಿಕೆ, ಕೈಯಲ್ಲಿ ಹಿಡಿದರೆ ತೂಕದ ಕಲ್ಲಿನಷ್ಟು ಭಾರ. ಇನ್ನೊಂದು ಬೆಳ್ಳಗೆ, ಸಪೂರ, ಬ್ಲೇಡು ಕೂಡುವ ಅಂಚು ನುಣ್ಣಗೆ. ಮೂರನೆಯದರ ಅಂಚಿಗೆ ಹಣಿಗೆಯ ಹಾಗೆ ಸಣ್ಣ ಹಲ್ಲುಗಳು.

“ಹೊಸಬರಿಗೆ ಯಾವುದು ಚಲೋರಿ?”

ಸಾಹೇಬರು ಗಡ್ಡ ನೀವಿಕೊಂಡರು. “ಎಲ್ಲಾ ಚಲೋನ ಅದಾವ. ಭಾರ ಇದ್ದದ್ದು ಗಲ್ಲಕ್ಕ ಸರಿ ಕೂಡತೈತಿ ಅಂತಾರ. ಹಗರ ಇದ್ದದ್ದು ಕೈಗೆ ಚಲೋ ಅಂತಾರ. ನಾ ಅಂತೂ ಒಂದೂ ಹಚ್ಚಿ ನೋಡಿಲ್ರಿ.”

ಅದು ನೋಡಿದರೇ ತಿಳಿಯುತ್ತಿತ್ತು. “ಮತ್ತ ಈ ಹಲ್ಲು ಯಾಕರಿ?”

“ಹಲ್ಲು ಗಲ್ಲಕ್ಕ ತಾಗತಾವ, ಬ್ಲೇಡ ತಾಗೂದಿಲ್ಲ. ನನಗ ಹಂಗ ಅನಸತೈತಿ ನೋಡ್ರಿ.”

ನನಗೂ ಹಾಗೆಯೇ ಅನ್ನಿಸಿತು. ಅನ್ನಿಸದೆ ಏನು? ಎತ್ತು ಕೊಳ್ಳುವಾಗ ಬಾಯಿ ಅಗಲಿಸಿ ಹಲ್ಲು ನೋಡುವ ಮಂದಿ ನಾವು. ಭಾರ ನೋಡಿ, ಬಣ್ಣ ನೋಡಿ ಕೊಂಡವನು ಕೆಟ್ಟಾನು, ಹಲ್ಲು ನೋಡಿ ಕೊಂಡವನು ಕೆಡುವುದಿಲ್ಲ ಎಂಬ ನಂಬಿಕೆ ನಮ್ಮ ರಕ್ತದಲ್ಲಿದೆ. ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದೆ. ಸಾಲು ಚೊಕ್ಕವಿತ್ತು, ಒಂದೂ ಮುರಿದಿರಲಿಲ್ಲ. ಇದೇ ಇರಲಿ ಎಂದೆ. ಹಲ್ಲಿನ ರೇಜರು ಒರಟು ಗಡ್ಡಕ್ಕೆ ಮತ್ತು ಪಳಗಿದ ಕೈಗೆ, ಹೊಸಬನು ನುಣ್ಣನೆಯ ಅಂಚಿನದನ್ನೇ ಕೊಳ್ಳಬೇಕು ಎಂಬುದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಸಾಹೇಬರು ಒಂದು ಪಟಕದ ತುಂಡನ್ನೂ ಕಾಗದದಲ್ಲಿ ಸುತ್ತಿ ಕೊಟ್ಟರು. ಯಾಕೆಂದು ನಾನು ಕೇಳಲಿಲ್ಲ, ಕೇಳಬೇಕಾಗಿತ್ತು.

ಪಟ್ಟಿ ಬಿಚ್ಚುವ ದಿನ ಬೆಳಕು ಹರಿಯುತ್ತಲೇ ಕನ್ನಡಿಯನ್ನು ಬಚ್ಚಲ ಗೋಡೆಗೆ ಒರಗಿಸಿ ಕೂತೆ. ಮೇಣದ ಕಾಗದದಿಂದ ಬ್ಲೇಡು ಬಿಚ್ಚಿದೆ. ಅದಕ್ಕೆ ಎರಡು ಬಾಯಿ ಇರುವುದು ನನಗೆ ಗೊತ್ತಿತ್ತು. ಒಂದು ಮೊಂಡಾದ ಮೇಲೆ ಇನ್ನೊಂದು ಕೆಲಸಕ್ಕೆ ಬರುತ್ತದೆ ಎಂದುಕೊಂಡಿದ್ದೆ. ಎರಡೂ ಒಟ್ಟಿಗೇ ಎಚ್ಚರವಾಗಿರುತ್ತವೆ ಎಂದು ಯಾರೂ ಹೇಳಿರಲಿಲ್ಲ. ಬಲಗಲ್ಲ ಚೆನ್ನಾಗಿಯೇ ಆಯಿತು. ಹೆಮ್ಮೆಯಿಂದ ಎಡಕ್ಕೆ ಬಂದೆ. ಹಣಮಪ್ಪನ ಕತ್ತಿಯ ತುದಿ ಮೀಸೆಯ ಅಂಚಿಗೆ ಬಂದು ನಿಲ್ಲುವುದು ಕಣ್ಣಿಗೆ ಕಾಣುತ್ತಿತ್ತು. ರೇಜರಿನ ತಲೆಯ ಕೆಳಗೆ ಏನು ನಡೆದಿದೆ ಎಂದು ಕಾಣುವುದೇ ಇಲ್ಲ. ಬಾಯಿಯ ಪಕ್ಕ ಅದನ್ನು ಸ್ವಲ್ಪ ವಾಲಿಸಿದೆ, ಅಷ್ಟೇ. ನಾನು ಕೆಲಸವಿಲ್ಲದೆ ಕೂತಿದೆ ಎಂದುಕೊಂಡಿದ್ದ ಬಾಯಿ ಮೀಸೆಯ ಎಡತುದಿಯನ್ನು ತಿಂದುಬಿಟ್ಟಿತ್ತು.

ಮುಂದಿನದನ್ನು ನೀವೇ ಊಹಿಸಬಲ್ಲಿರಿ. ಎಡಕ್ಕೆ ಸರಿಯಾಗಲೆಂದು ಬಲಕ್ಕೆ ತೆಗೆದೆ, ಬಲಕ್ಕೆ ಹೆಚ್ಚಾಯಿತೆಂದು ಎಡಕ್ಕೆ ತೆಗೆದೆ. ಕಡೆಗೆ ಮೂಗಿನ ಕೆಳಗೆ ಎರಡು ನೊಣ ಕೂತಷ್ಟು ಉಳಿಯಿತು. ಅದನ್ನು ಹೊತ್ತುಕೊಂಡು ನರಗುಂದದ ತನಕ ಹೋಗುವುದು ಮಾನವಂತರಿಗೆ ಸಾಧ್ಯವಿರಲಿಲ್ಲ. ಕಣ್ಣು ಮುಚ್ಚಿ ಅದನ್ನೂ ತೆಗೆದೆ. ಗಲ್ಲದ ಮೇಲೆ ಅಲ್ಲಲ್ಲಿ ರಕ್ತ. ಪಟಕ ಯಾಕೆಂದು ಆಗ ಗೊತ್ತಾಯಿತು.

ರೋಣದಲ್ಲಿ ಮೋಟಾರು ಬದಲಿಸುವಾಗ ಹೊಳೆಆಲೂರಿನ ಅದೇ ಬೀಗರು ಎದುರಾದರು. ನನ್ನ ಮುಖ ನೋಡಿದವರೇ ರುಮಾಲು ತೆಗೆದರು.

“ಅಯ್ಯೋ ಶಿವನ! ಯಾವಾಗ ಆತೋ?”

“ಏನೂ ಆಗಿಲ್ರಿ. ಅಪ್ಪ ಚಲೋ ಅದಾನ.”

“ಮತ್ತ ಮೀಸಿ?”

“ರೇಜರ ತಗೊಂಡೇನ್ರಿ.”

ಸತ್ತ ಸುದ್ದಿಯೇ ಇದಕ್ಕಿಂತ ವಾಸಿಯಿತ್ತು ಎಂಬಂತೆ ಅವರು ನನ್ನನ್ನು ನೋಡಿದರು. ರುಮಾಲನ್ನು ಮತ್ತೆ ಸುತ್ತಿಕೊಳ್ಳಲೋ ಬೇಡವೋ ಎಂದು ಅವರಿಗೂ ತಿಳಿಯಲಿಲ್ಲ.

ನರಗುಂದದ ಶಾಲೆಯ ಪಡಸಾಲೆಯಲ್ಲಿ ಅವ್ವ ಕಾದಿದ್ದಳು. ನನ್ನನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು. ಒಳಗೆ ಅಪ್ಪನಿಗೆ ಕಿವಿ ಚುರುಕು, ಗಟ್ಟಿಯಾಗಿ ಬೈಯುವಂತಿರಲಿಲ್ಲ. ಅದೇ ಅವಳಿಗೆ ದೊಡ್ಡ ಶಿಕ್ಷೆಯಾಯಿತು. “ಜೀವಂತ ಇರೂ ಅಪ್ಪನ್ನ ಕೊಂದು ಬಂದ್ಯಲ್ಲೋ!” ಎಂದು ಪಿಸುಗುಟ್ಟಿದಳು. ಆಮೇಲೆ ನನ್ನ ಹೆಗಲ ಮೇಲಿನ ವಲ್ಲಿ ಎಳೆದು, ತುಟಿ ಮುಚ್ಚುವ ಹಾಗೆ ಮುಖಕ್ಕೆ ಸುತ್ತಿ, “ಹಲ್ಲು ನೋವು ಅನ್ನು” ಎಂದಳು. ಹಲ್ಲಿನಿಂದಲೇ ಆದ ಅನಾಹುತ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ನನಗೆ ಭಯವಾಗಿತ್ತು. ಅಪಶಕುನದ ಭಯ ಅವ್ವನದು. ನನ್ನದು ಬೇರೆ. ಅಷ್ಟು ವರ್ಷ ಕತ್ತಲಲ್ಲಿ ಕೂತವನು ನೋಡಬೇಕೆಂದು ಬಾಯಿಬಿಟ್ಟು ಕೇಳಿದ್ದು ಒಂದನ್ನು. ಅದನ್ನೇ ನಾನು ಬಚ್ಚಲಿಗೆ ಚೆಲ್ಲಿ ಬಂದಿದ್ದೆ.

ಡಾಕ್ಟರು ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಚ್ಚಿದರು. ಪೆಟ್ಟಿಗೆಯಿಂದ ದಪ್ಪ ಗಾಜಿನ ಚಾಳೀಸು ತೆಗೆದು ಅಪ್ಪನ ಮೂಗಿನ ಮೇಲೆ ಕೂರಿಸಿ, ಎದುರಿಗೆ ಯಾರಿದ್ದಾರೆ ನೋಡು ಎಂದರು. ಅಪ್ಪ ರೆಪ್ಪೆ ಬಡಿದ. ಕಣ್ಣಿನ ತುಂಬ ನೀರು.

“ವಲ್ಲಿ ಯಾಕ ಸುತ್ತೀಯೋ?”

“ಹಲ್ಲು ನೋವಪಾ.”

“ಹಲ್ಲು ಆಮ್ಯಾಲ. ಮೀಸಿ ತೋರಸು.”

ವಲ್ಲಿ ತೆಗೆದೆ. ಅವ್ವ ಗೋಡೆಯ ಕಡೆ ತಿರುಗಿ ನಿಂತಳು. ಅಪ್ಪ ಮುಂದೆ ಬಾಗಿದ, ಕಣ್ಣನ್ನು ನಂಬದೆ ಮೊದಲಿನ ಹಾಗೆ ಬೆರಳು ಚಾಚಿ ನನ್ನ ತುಟಿ ಮುಟ್ಟಿ ನೋಡಿದ.

“ಎಲ್ಲೈತೋ?”

“ಹೋತಪಾ. ಮುಂಜಾನೆ ಬ್ಲೇಡಿಗೆ ಸಿಕ್ಕು ಹೋತು.”

ಬೈಯುತ್ತಾನೆಂದು ಕಾದೆ. ಅಳುತ್ತಾನೆಂದೂ ಕಾದೆ. ಅಪ್ಪ ನನ್ನ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ.

“ಹಂಗ ಅದೀಯಲ್ಲೋ,” ಎಂದ. “ಕಣ್ಣು ಹೋಗೂಮುಂದ ಹ್ಯಾಂಗ ಇದ್ದಿ, ಹಂಗ ಅದೀ. ನಾ ಅಷ್ಟೂ ಕಳಕೊಂಡೆ ಅಂತ ತಿಳದಿದ್ದೆ.” ಗದ್ದ ಬಿಟ್ಟು, “ಇನ್ನ ಬೆಳಸು. ಈ ಸಲಾ ನಾ ನೋಡತೀನಿ” ಎಂದ.

ಹೇಳಿದಂತೆ ನೋಡಿದ. ಊರಿಗೆ ಬಂದ ಮೇಲೆ ದಿನಾ ಮುಂಜಾನೆ ಅಂಗಳದಲ್ಲಿ ಕೂತು ಆ ದಪ್ಪ ಚಾಳೀಸು ಏರಿಸಿ ನನ್ನನ್ನು ಕರೆಯುತ್ತಿದ್ದ. ಹೊಲ ನೋಡುವವನ ಹಾಗೆ ಆ ಕಡೆ ಈ ಕಡೆ ತಿರುಗಿಸಿ, “ಬಲಕ ಚಲೋ ಹುಟ್ಟೈತಿ, ಎಡಕ ಮೊಳಿಕಿ ಕಮ್ಮಿ” ಎನ್ನುತ್ತಿದ್ದ. ನಾನು ಮದುವೆಯ ವಯಸ್ಸಿನವನು. ಬೀದಿಯ ಮಂದಿ ನಗುತ್ತಿದ್ದರು. ನಾಚಿಕೆಯಾಗುತ್ತಿತ್ತು, ಆದರೂ ಕರೆಯುವ ಮೊದಲೇ ಹೋಗಿ ನಿಲ್ಲುತ್ತಿದ್ದೆ. ಲಕ್ಕಲಕಟ್ಟಿಯ ಹೋಳಿಗೆ ಮುಗಿಸಿ ಬಂದ ಹಣಮಪ್ಪ ನನ್ನ ಜೊತೆ ಕೆಲವು ದಿನ ಮಾತು ಬಿಟ್ಟ. ಅಪ್ಪನ ಜೊತೆ ಬಿಡಲಾಗಲಿಲ್ಲ, ಏಕೆಂದರೆ ಅಪ್ಪ ಅವನನ್ನು ನಿಂಬೆಹಣ್ಣಿನ ವಿಷಯವಾಗಿ ವಿಚಾರಿಸುತ್ತಲೇ ಇದ್ದ.

ಅಪ್ಪ ಆಮೇಲೆ ಬಹಳ ಕಾಲ ಬದುಕಿದ. ಅವನು ಹೋದ ದಿನ ಮುದುಕನಾಗಿದ್ದ ಹಣಮಪ್ಪನೇ ಬಂದು ನನ್ನ ಮೀಸೆ ತೆಗೆದ. ಕೆಲವು ತಿಂಗಳು ಕಳೆದ ಮೇಲೆ, ಇನ್ನು ಬೆಳೆಸು, ಯಾವ ಅಡ್ಡಿಯೂ ಇಲ್ಲ ಎಂದು ಎಲ್ಲರೂ ಹೇಳಿದರು.

ನಾನು ಬೆಳೆಸಲಿಲ್ಲ. ಕೇಳಿದವರಿಗೆ ಚಹಾ ಕುಡಿಯುವಾಗ ತೊಡಕು ಎಂದೆ, ಬಿಳಿ ಕೂದಲು ಬರುತ್ತಿವೆ ಎಂದೆ, ಈಗಿನ ಕಾಲಕ್ಕೆ ಒಪ್ಪುವುದಿಲ್ಲ ಎಂದೆ. ಹೇಳಿ ಹೇಳಿ ನಾನೂ ಅದನ್ನೇ ನಂಬಿಕೊಂಡಿದ್ದೆ. ಇವತ್ತು ನಿಮ್ಮ ಜೊತೆ ಇಷ್ಟು ಮಾತಾಡುತ್ತ ಕೂತ ಮೇಲೆ ಅದೆಲ್ಲ ಸುಳ್ಳು ಎಂದು ಗೊತ್ತಾಯಿತು. ಬೆಳೆಸಬಹುದಿತ್ತು. ಮುಂಜಾನೆ ಎದ್ದು, ಮುಖ ತೊಳೆದುಕೊಂಡು, ಯಾರ ಮುಂದೆ ಹೋಗಿ ನಿಲ್ಲಲಿ?